ಮಕ್ಕಳ ಗುಟ್ಟು ಮತ್ತು ಹೆತ್ತವರ ಅಧಿಕಾರ

ಹದಿಹರೆಯದ ಮಗುವೊಂದು ತನ್ನ ಮನಸ್ಸಿನ ನೋವನ್ನು ಮನೋಚಿಕಿತ್ಸಕರ ಮುಂದೆ ತೆರೆದಿಟ್ಟಾಗ, ಅಲ್ಲಿ ಆಡಿದ ಮಾತನ್ನು ತಿಳಿಯುವ ಅಧಿಕಾರ ಹೆತ್ತವರಿಗೆ ಉಂಟೇ? ಒಂದು ತಲೆಮಾರಿನ ಹಿಂದೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಹುಡುಗ ಮಂಕಾದರೆ ದೃಷ್ಟಿ ತೆಗೆಯುತ್ತಿದ್ದರು. ಹುಡುಗಿ ಊಟ ಬಿಟ್ಟರೆ ಹಟವೆನ್ನುತ್ತಿದ್ದರು. ಹೆಚ್ಚೆಂದರೆ ಸೋದರಮಾವನನ್ನು ಕರೆಸಿ ಬುದ್ಧಿ ಹೇಳಿಸುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡ 7ಕ್ಕೂ ಮಿಕ್ಕವರು ಒಂದಲ್ಲ ಒಂದು ಮಾನಸಿಕ ತೊಂದರೆಗೆ ಒಳಗಾಗಿರುವರೆಂದು ಅಂದಾಜು ಮಾಡಿತು. ಚಿಕಿತ್ಸೆಗೆ ಕರೆದೊಯ್ಯಬೇಕೆಂಬ ಅರಿವು ಈಗ ಅನೇಕ ಕುಟುಂಬಗಳಲ್ಲಿ ಮೂಡಿದೆ. ಆದರೆ ಕರೆದೊಯ್ದ ಮೇಲೆ, ಮುಚ್ಚಿದ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತ ತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಕುರಿತು ನಾವು ಸಾಕಷ್ಟು ಆಲೋಚಿಸಿಲ್ಲ.

ಆ ತಾಯಿಯ ವಾದವನ್ನು ಹಗುರವಾಗಿ ಕಾಣಲಾಗದು. ಜ್ವರ ಬಂದಾಗ ರಾತ್ರಿಯಿಡೀ ತಣ್ಣೀರು ಪಟ್ಟಿ ಹಾಕಿದವಳು ಆಕೆ. ಚಿಕಿತ್ಸೆಯ ಶುಲ್ಕ ತೆರುವವರು ಮನೆಯವರು. ನಾಳೆ ಏನಾದರೂ ಆದರೆ ಎದೆ ಬಡಿದುಕೊಳ್ಳಬೇಕಾದವಳೂ ಆಕೆಯೇ. ಇಷ್ಟಿದ್ದೂ, ನಿನ್ನೆ ಮೊನ್ನೆ ಪರಿಚಯವಾದ ವೈದ್ಯೆಗೆ ತಿಳಿದದ್ದು ತನಗೆ ತಿಳಿಯಬಾರದೆಂದರೆ ಯಾವ ನ್ಯಾಯ? ಈ ವಾದದ ಹಿಂದಿರುವ ಪ್ರೀತಿ ನಿಜವಾದುದು. ಆದರೆ ಮಗು ನನ್ನದು, ಆದುದರಿಂದ ಮಗುವಿನ ಮನಸ್ಸೂ ನನ್ನದು ಎಂಬ ಮಮಕಾರವೂ ಆ ಪ್ರೀತಿಯೊಡನೆ ಹೆಣೆದುಕೊಂಡಿದೆ. ಪರಿಗ್ರಹವೆಂದರೆ ಹೊನ್ನು ಮಣ್ಣುಗಳ ಸಂಗ್ರಹವೆಂದಷ್ಟೇ ಎಣಿಸುವ ನಾವು ಇಂಥ ಒಡೆತನವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗೃಹಸ್ಥನ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಲ್ಲಿ ತತ್ತ್ವಾರ್ಥಸೂತ್ರವು ಮೊದಲ ನೋಟಕ್ಕೆ ಅಚ್ಚರಿ ಹುಟ್ಟಿಸುವ ಎರಡು ದೋಷಗಳನ್ನು ಸೇರಿಸಿದೆ. ರಹೋಭ್ಯಾಖ್ಯಾನವೆಂದರೆ ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು. ಸಾಕಾರಮಂತ್ರಭೇದವೆಂದರೆ ಮುಖಚರ್ಯೆ, ಅಂಗಚೇಷ್ಟೆಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ ಬಯಲು ಮಾಡುವುದು. ಇವೆರಡರಲ್ಲಿಯೂ ಸುಳ್ಳಿಲ್ಲ, ಆದರೂ ಇವು ಸತ್ಯವ್ರತಕ್ಕೆ ಕಲೆಯೆಂದು ನಮ್ಮ ಆಚಾರ್ಯರು ಬಗೆದರು. ವ್ಯಾಖ್ಯಾನಕಾರರು ಇದಕ್ಕೆ ಅಸೂಯೆ ಮೊದಲಾದವನ್ನು ಕಾರಣವಾಗಿ ಹೇಳಿರುವಾಗ ತಾಯಿಯಲ್ಲಿ ಅಸೂಯೆ ಎಲ್ಲಿಯದು ಎಂದು ಯಾರಾದರೂ ಕೇಳಬಹುದು. ಮಗಳು ತನಗೆ ಹೇಳದುದನ್ನು ಇನ್ನೊಬ್ಬರಿಗೆ ಹೇಳಿದಳೆಂಬ ಸಂಕಟಕ್ಕೆ ಬೇರೆ ಯಾವ ಹೆಸರು ಒಪ್ಪುತ್ತದೆಂಬುದನ್ನು ವಾಚಕರೇ ಯೋಚಿಸಲಿ.

ಮನೆಗೆ ಹಿಂದಿರುಗುವ ದಾರಿಯಲ್ಲಿ ನಡೆಯುವ ವಿಚಾರಣೆಯನ್ನೇ ನೋಡಿ. "ಏನು ಕೇಳಿದರು? ನನ್ನ ವಿಷಯ ಏನಾದರೂ ಹೇಳಿದೆಯಾ? ಕಣ್ಣು ಯಾಕೆ ಕೆಂಪಗಾಗಿದೆ, ಅತ್ತೆಯಾ?" ಮಗಳು ಸುಮ್ಮನಿದ್ದರೆ ಮುಖ ನೋಡಿ ಊಹೆ, ಸಂಜೆ ದೂರವಾಣಿಯಲ್ಲಿ ಆ ಊಹೆ ಚಿಕ್ಕಮ್ಮನನ್ನು ತಲುಪುತ್ತದೆ. ಹದಿಹರೆಯದವರು ಮನಸ್ಸಿನ ಭಾರವನ್ನು ಒಮ್ಮೆಗೇ ಇಳಿಸುವುದಿಲ್ಲ. ಮೊದಲು ಒಂದು ಸಣ್ಣ ಸಂಗತಿಯನ್ನು ಹೇಳಿ ಕಾಯುತ್ತಾರೆ. ಕಿರುಪರೀಕ್ಷೆಯಲ್ಲಿ ಅಂಕ ಮುಚ್ಚಿಟ್ಟದ್ದೋ, ಗೆಳತಿಯೊಡನೆ ಮಾತು ಬಿಟ್ಟದ್ದೋ ಇರಬಹುದು. ಆ ಸಣ್ಣ ಸಂಗತಿ ಎರಡು ದಿನಗಳಲ್ಲಿ ಊಟದ ಹೊತ್ತಿಗೆ ಅಪ್ಪನ ಬಾಯಿಂದ ಹೊರಬಿದ್ದರೆ, ಅದರ ಹಿಂದೆ ಕಾದಿದ್ದ ದೊಡ್ಡ ಸಂಗತಿ ಮತ್ತೆಂದೂ ಹೊರಬರುವುದಿಲ್ಲ. ಬದುಕಲು ಮನಸ್ಸಿಲ್ಲವೆಂಬ ಮಾತು ಸಾಮಾನ್ಯವಾಗಿ ಹೀಗೆ ಹಿಂದೆ ಕಾದಿರುವ ಮಾತೇ ಆಗಿರುತ್ತದೆ.

ಹಾಗೆಂದು ಆ ಬಾಗಿಲು ಎಲ್ಲ ಸಂದರ್ಭದಲ್ಲಿಯೂ ಮುಚ್ಚಿಯೇ ಇರತಕ್ಕುದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದು ವಿಧಿಸುತ್ತಲೇ, 18 ತುಂಬದವರ ವಿಷಯದಲ್ಲಿ ಸಾಮಾನ್ಯವಾಗಿ ಕಾನೂನುಬದ್ಧ ಪೋಷಕರನ್ನೇ ನಾಮನಿರ್ದೇಶಿತ ಪ್ರತಿನಿಧಿಯೆಂದು ಗಣಿಸಿ, ಅವರ ಕರ್ತವ್ಯ ನಿರ್ವಹಣೆಗೆ ಬೇಕಾದ ಮಾಹಿತಿಯನ್ನು ಕೊಡಲು ಅವಕಾಶವಿತ್ತಿದೆ. ಔಷಧ ಯಾವುದು, ಅಪಾಯವೇನು, ಮನೆಯಲ್ಲಿ ಯಾವ ಎಚ್ಚರ ಬೇಕು ಎಂಬುದನ್ನು ಹೆತ್ತವರು ತಿಳಿಯಲೇಬೇಕು. ಜೀವಕ್ಕೆ ಅಪಾಯವಿದ್ದಾಗ ಗುಟ್ಟು ಗುಟ್ಟಾಗಿ ಉಳಿಯದು. ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ, 2012ರ ಪೋಕ್ಸೋ ಕಾಯಿದೆಯಂತೆ ವರದಿ ಮಾಡುವುದು ಕಡ್ಡಾಯ. ಒಳ್ಳೆಯ ಚಿಕಿತ್ಸಕರು ಈ ಎಲ್ಲೆಗಳನ್ನು ಮೊದಲ ಭೇಟಿಯಲ್ಲಿಯೇ ತಾಯಿ ತಂದೆ ಮಗು ಮೂವರನ್ನೂ ಕೂರಿಸಿಕೊಂಡು ಹೇಳಿಬಿಡುತ್ತಾರೆ. ಎಲ್ಲೆಯನ್ನು ಮೊದಲೇ ಹೇಳಿದ್ದರೆ, ಮುಂದೆ ಗುಟ್ಟು ಮುರಿಯಬೇಕಾಗಿ ಬಂದಾಗಲೂ ಅದು ವಂಚನೆಯಾಗುವುದಿಲ್ಲ. ಇಲ್ಲಿ ಇನ್ನೊಂದು ಮಾತು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮಗುವನ್ನು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆಂಬ ಅಂಜಿಕೆ ಬಹಳ ಮನೆಗಳಲ್ಲಿದೆ. ಇದು ಆಧಾರವಿಲ್ಲದ ಅಂಜಿಕೆ. ನೇರವಾಗಿ, ಮೆಲ್ಲಗೆ ಕೇಳಬೇಕು; ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳನ್ನು ಕೈಗೆಟುಕದಂತೆ ಬೀಗ ಹಾಕಿಟ್ಟು, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು.

ಇನ್ನು, ಬಾಗಿಲ ಹೊರಗೆ ಕುಳಿತವರು ಕೈಕಟ್ಟಿ ಕುಳಿತಿರಬೇಕೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಮತ್ತು ಅವರ ಸಂಗಡಿಗರು ಆತಂಕದಿಂದ ಬಳಲುತ್ತಿದ್ದ 7ರಿಂದ 14 ವರ್ಷದ 124 ಮಕ್ಕಳ ಕುಟುಂಬಗಳಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮಕ್ಕಳಿಗೆ ನೇರವಾಗಿ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಚಿಕಿತ್ಸಕರು ಮಕ್ಕಳೊಡನೆ ಕೂರದೆ ಹೆತ್ತವರೊಡನೆ ಮಾತ್ರ ಕೂತರು. ಎರಡನೆಯ ಗುಂಪಿನ ಮಕ್ಕಳ ಚೇತರಿಕೆ ಮೊದಲ ಗುಂಪಿನವರದಕ್ಕಿಂತ ಕಡಿಮೆಯಿರಲಿಲ್ಲ. ಅಲ್ಲಿ ಹೆತ್ತವರು ಕಲಿತದ್ದು ಮಕ್ಕಳ ಮನಸ್ಸನ್ನು ಶೋಧಿಸುವ ಉಪಾಯವನ್ನಲ್ಲ, ತಮ್ಮದೇ ನಡೆಯನ್ನು ಬದಲಿಸಿಕೊಳ್ಳುವುದನ್ನು. ತರಗತಿಗೆ ಹೋಗಲು ಹೆದರುವ ಮಗನಿಗೆ ಅಪ್ಪ ದಿನವೂ ರಜೆಯ ಚೀಟಿ ಬರೆದುಕೊಟ್ಟರೆ ಭಯ ಬಲಿಯುತ್ತದೆ. ಬೈದು ದಬ್ಬಿದರೂ ಬಲಿಯುತ್ತದೆ. "ನಿನಗೆ ಕಷ್ಟವಾಗುತ್ತಿದೆಯೆಂದು ಗೊತ್ತು, ನೀನು ತಾಳಬಲ್ಲೆ ಎಂದೂ ಗೊತ್ತು" ಎಂದು ಹೇಳಿ, ಚೀಟಿ ಬರೆಯುವುದನ್ನು ಮೊದಲೇ ತಿಳಿಸಿ ಮೆಲ್ಲನೆ ನಿಲ್ಲಿಸುವುದು ಮೂರನೆಯ ದಾರಿ. ಇದಕ್ಕೆ ಮಗನ ಗುಟ್ಟಿನ ಅಗತ್ಯವೇ ಇಲ್ಲ. ಅಪ್ಪನ ಸಂಯಮ ಬೇಕು, ಮತ್ತು ಅಪ್ಪ ಹೇಳಿದ್ದನ್ನು ಅಜ್ಜಿ ಕೆಡಿಸದಂತೆ ಮನೆಯಲ್ಲಿ ಒಮ್ಮತ ಬೇಕು. ನಮ್ಮ ಕೂಡುಕುಟುಂಬಗಳಲ್ಲಿ ಎರಡನೆಯದೇ ಹೆಚ್ಚು ಕಷ್ಟ.

ಹೇಗೂ ಈ ಅಧಿಕಾರದ ಅವಧಿ ಅಲ್ಪ. ಮಗುವಿಗೆ 18 ತುಂಬಿದ ದಿನ, ಪೋಷಕರಾದ ಕಾರಣಕ್ಕೆ ಪ್ರತಿನಿಧಿಯಾಗಿದ್ದ ಸ್ಥಾನ ಕೊನೆಗೊಳ್ಳುತ್ತದೆ. ಕಾಯಿಲೆಯ ಕಾಲದಲ್ಲಿ ತನ್ನ ಪರವಾಗಿ ನಿಲ್ಲತಕ್ಕವರ ಹೆಸರನ್ನು ಅದೇ ಕಾಯಿದೆಯಂತೆ ಆ ಮಗು ತಾನೇ, ಒಂದು ಬಿಳಿಯ ಹಾಳೆಯ ಮೇಲೆ ಬರೆದು, ಸಹಿ ಮಾಡಿ ಕೊಡಬಹುದು. ಯಾರ ಹೆಸರನ್ನು ಬರೆಯುವುದೆಂಬುದು ಅದರ ಇಚ್ಛೆ.