ಒಲ್ಲೆನೆಂಬ ಮಾತು

(ಮಳೆ ನಿಂತ ಸಂಜೆ. ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತರಾದ ಸುಭದ್ರಮ್ಮನವರ ಮನೆಯ ಜಗುಲಿ. ಅವರ ತಂಗಿಯ ಮಗಳು, ಎಂ.ಎಸ್ಸಿ. ನರ್ಸಿಂಗ್ ಓದುತ್ತಿರುವ ವಿಶಾಲಾಕ್ಷಿ, ಪ್ರಬಂಧದ ಕಡತವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ.)

ವಿಶಾಲಾಕ್ಷಿ: ಅರವತ್ತು ಮಂದಿಯಲ್ಲಿ ಇಪ್ಪತ್ತು ಮಂದಿಯದು ಮುಗಿಯಿತು, ದೊಡ್ಡಮ್ಮ. ಎಲ್ಲರೂ ಚೊಚ್ಚಲ ಬಸುರಿಯರು. ಹತ್ತು ಮಂದಿಗೆ ಬೇನೆ ಬಂದಾಗಲೆಲ್ಲ ಬೆನ್ನು ನೀವಿದ್ದೇನೆ. ಉಳಿದ ಹತ್ತು ಮಂದಿಗೆ ವಾರ್ಡಿನ ನಿತ್ಯದ ಆರೈಕೆ ಮಾತ್ರ. ನೋವೆಷ್ಟೆಂಬುದನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅವರೇ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕೇಳಿದವರಲ್ಲಿ ಒಬ್ಬಳೂ ಒಲ್ಲೆನೆನ್ನಲಿಲ್ಲ.

ಸುಭದ್ರಮ್ಮ: ಒಬ್ಬಳೂ ಅನ್ನಲಿಲ್ಲವೆ? ನೀನು ಸಂತೋಷದಿಂದ ಹೇಳಿದ ಆ ಮಾತೇ ನನ್ನ ಮನಸ್ಸನ್ನು ಕಲಕುತ್ತಿದೆ, ಮಗು. ಅವರನ್ನು ಯಾವ ಹೊತ್ತಿನಲ್ಲಿ ಕೇಳಿದೆ?

ವಿಶಾಲಾಕ್ಷಿ: ನೋವು ಕಾಣಿಸಿಕೊಂಡು ಹೆರಿಗೆ ವಾರ್ಡಿಗೆ ಸೇರಿದ ಮೇಲೆ. ಎರಡು ಪುಟದ ವಿವರಣಪತ್ರವನ್ನು ಕನ್ನಡದಲ್ಲಿಯೇ ಓದಿ ಹೇಳಿದೆ. ಸಹಿ ಬಾರದವರ ಹೆಬ್ಬೆಟ್ಟಿನ ಗುರುತಿಗೆ ಸಾಕ್ಷಿಯನ್ನೂ ಹಾಕಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆಯೇ ಸಮ್ಮತಿಪತ್ರ ಸಿದ್ಧವಾಗಿದೆ. ಎಥಿಕ್ಸ್ ಕಮಿಟಿಯ ಮುದ್ರೆಯೂ ಬಿದ್ದಿದೆ.

ಸುಭದ್ರಮ್ಮ: ಸೊಂಟ ಸೀಳಿಹೋಗುವಂಥ ನೋವಿನಲ್ಲಿ, ತಾಯಿಯನ್ನು ಬಾಗಿಲಾಚೆ ಬಿಟ್ಟು ಒಳಬಂದ ಹತ್ತೊಂಬತ್ತರ ಹುಡುಗಿ, ತನ್ನನ್ನೂ ತನ್ನ ಕೂಸನ್ನೂ ಇನ್ನು ಕಾಯುವವಳು ಈ ಬಿಳಿಯ ಬಟ್ಟೆಯವಳೇ ಎಂದು ತಿಳಿದಿರುವಾಗ, ಆ ಬಿಳಿಯ ಬಟ್ಟೆಯವಳೇ ಕಾಗದವೊಂದನ್ನು ಮುಂದೆ ಹಿಡಿದರೆ, ಅದರಲ್ಲಿ ಏನು ಬರೆದಿದ್ದರೂ ಅವಳು ಒತ್ತುವುದು ಹೆಬ್ಬೆಟ್ಟನ್ನೇ ಅಲ್ಲವೆ?

ವಿಶಾಲಾಕ್ಷಿ: ಆದರೆ ನಾನು ಮಾಡುತ್ತಿರುವುದು ಬೆನ್ನು ನೀವುವ ಕೆಲಸ, ವಿಷ ಕೊಡುವುದಲ್ಲ. ನಮ್ಮ ಸೂಲಗಿತ್ತಿಯರು ಯಾವ ಕಮಿಟಿಯನ್ನೂ ಕೇಳದೆ ತಲೆತಲಾಂತರದಿಂದ ಮಾಡುತ್ತ ಬಂದದ್ದು.

ಸುಭದ್ರಮ್ಮ: ಸೂಲಗಿತ್ತಿ ನೀವಿದ್ದು ಎದುರಿಗಿದ್ದ ಹೆಣ್ಣಿಗಾಗಿ. ನೀನು ನೀವುವುದು ಅವಳಿಗಾಗಿಯೂ ಹೌದು, ನಿನ್ನ ಪುಸ್ತಕಕ್ಕಾಗಿಯೂ ಹೌದು. ಎರಡನೆಯದು ಪಾಪವೆಂದು ನಾನು ಹೇಳುತ್ತಿಲ್ಲ. ಅರಿವು ಬೆಳೆಯದಿದ್ದರೆ ನಮ್ಮ ವೃತ್ತಿಯೂ ಬೆಳೆಯದು. ಆದರೆ ಒಂದೇ ಕೈ ಎರಡು ಕೆಲಸಕ್ಕೆ ಹೊರಟಾಗ ಏನಾಗಬಹುದೆಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಹೆಸರೊಂದಿದೆ: ಯೂನಿಸ್ ರಿವರ್ಸ್.

ವಿಶಾಲಾಕ್ಷಿ: ಟಸ್ಕೀಗಿಯ ದಾದಿ. ಪಾಠದಲ್ಲಿ ಆ ಪ್ರಯೋಗದ ವಿಷಯ ಬಂದಿತ್ತು. ಆಕೆಯ ಹೆಸರು ಒಂದು ಸಾಲಿನಲ್ಲಿ ಹಾದುಹೋಯಿತು.

ಸುಭದ್ರಮ್ಮ: ನಮ್ಮ ಪಾಠದಲ್ಲಾದರೂ ಆಕೆ ಒಂದು ಸಾಲಿನಲ್ಲಿ ಹಾದುಹೋಗಬಾರದು. 1932ರಲ್ಲಿ ಅಮೆರಿಕೆಯ ಸಾರ್ವಜನಿಕ ಆರೋಗ್ಯ ಇಲಾಖೆಯವರು, ಸಿಫಿಲಿಸ್ ರೋಗವನ್ನು ಅದರ ಪಾಡಿಗೆ ಬಿಟ್ಟರೆ ದೇಹ ಏನಾಗುತ್ತದೆಂದು ಕಾಣಲೋಸುಗ, ಟಸ್ಕೀಗಿ ಊರಿರುವ ಅಲಬಾಮದ ಮೇಕನ್ ಕೌಂಟಿಯಲ್ಲಿ 399 ಮಂದಿ ರೋಗಿಗಳಾದ ಬಡ ಕರಿಯರನ್ನೂ ರೋಗವಿಲ್ಲದ 201 ಮಂದಿಯನ್ನೂ ಆರಿಸಿ, ‘ಕೆಟ್ಟ ರಕ್ತ’ಕ್ಕೆ ಔಷಧ ಕೊಡುತ್ತೇವೆಂದು ನಂಬಿಸಿ, ಬೆನ್ನುಹುರಿಯ ನೀರು ತೆಗೆಯುವುದನ್ನೇ ವಿಶೇಷ ಚಿಕಿತ್ಸೆಯೆಂದು ಹೇಳಿ, ಪೆನಿಸಿಲಿನ್ ಎಲ್ಲೆಡೆ ದೊರೆಯತೊಡಗಿದ ಮೇಲೂ ಅದನ್ನು ಕೊಡದೆ, 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾಗುವವರೆಗೆ ನಲವತ್ತು ವರ್ಷ ನೋಡುತ್ತ ಕುಳಿತರು. ವೈದ್ಯರು ಬದಲಾಗುತ್ತಿದ್ದರು, ದಶಕಗಳ ಕಾಲ ಬದಲಾಗದೆ ಉಳಿದವಳು ರಿವರ್ಸ್. ತಾನೂ ಕರಿಯ ಹೆಣ್ಣು, ಅದೇ ಟಸ್ಕೀಗಿಯ ಶಾಲೆಯಲ್ಲಿ ಕಲಿತವಳು. ಕಾರಿನಲ್ಲಿ ಅವರನ್ನು ತಪಾಸಣೆಗೆ ಕರೆತರುತ್ತಿದ್ದಳು, ಮನೆಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅವರು ಸತ್ತಾಗ ಶವಸಂಸ್ಕಾರಕ್ಕೆ ಹಣ ದೊರೆಯುತ್ತಿತ್ತು. ಅದಕ್ಕೆ ಪ್ರತಿಯಾಗಿ ಶವಪರೀಕ್ಷೆಗೆ ಮನೆಯವರನ್ನು ಒಪ್ಪಿಸುವವಳೂ ಆಕೆಯೇ. 1953ರಲ್ಲಿ ಆಕೆಯ ಹೆಸರೇ ಮೊದಲಾಗಿ ಪ್ರಕಟವಾದ ಲೇಖನದಲ್ಲಿ ಲೆಕ್ಕವಿದೆ: ಇಪ್ಪತ್ತು ವರ್ಷಗಳಲ್ಲಿ 145 ಶವಪರೀಕ್ಷೆ, ಒಲ್ಲೆವೆಂದ ಮನೆ ಒಂದೇ ಒಂದು.

ವಿಶಾಲಾಕ್ಷಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದನ್ನು ಸಾಧನೆಯೆಂದೇ ಬರೆದಿದ್ದಾರೆಯೆ?

ಸುಭದ್ರಮ್ಮ: ಸಾಧನೆಯೆಂದೇ. 1958ರಲ್ಲಿ ಆಕೆಗೆ ಸರ್ಕಾರದ ಪ್ರಶಸ್ತಿಯೂ ಬಂತು.

ವಿಶಾಲಾಕ್ಷಿ: ಹಾಗಾದರೆ ಆಕೆ ಕ್ರೂರಿಯೆ, ದೊಡ್ಡಮ್ಮ?

ಸುಭದ್ರಮ್ಮ: ಕ್ರೂರಿಯಾಗಿದ್ದರೆ ನನಗಿಷ್ಟು ಕಳವಳವಿರುತ್ತಿರಲಿಲ್ಲ, ಕ್ರೂರಿಯನ್ನು ದೂರವಿಟ್ಟು ನಾವು ನಿಶ್ಚಿಂತೆಯಿಂದಿರಬಹುದಾಗಿತ್ತು. ವೈದ್ಯರ ಮಾತನ್ನು ಮೀರುವ ಅಧಿಕಾರ ಆ ಕಾಲದ ದಾದಿಗಿರಲಿಲ್ಲ, ಕರಿಯ ದಾದಿಗಂತೂ ಇರಲೇ ಇಲ್ಲ. ಸುತ್ತಲಿನ ಬಡವರಿಗೆ ದೊರೆಯದ ಗಮನವಾದರೂ ಈ ಜನಕ್ಕೆ ದೊರೆಯುತ್ತಿದೆಯೆಂದು ಆಕೆ ನಂಬಿದ್ದಳು. ಅವರು ಆಕೆಯನ್ನು ಪ್ರೀತಿಸುತ್ತಿದ್ದರು, ಆಕೆಯೂ ಅವರನ್ನು ಪ್ರೀತಿಸುತ್ತಿದ್ದಳು. ಆ ಪ್ರೀತಿಯಿಲ್ಲದಿದ್ದರೆ ಪ್ರಯೋಗ ನಲವತ್ತು ವರ್ಷ ನಡೆಯುತ್ತಲೇ ಇರಲಿಲ್ಲ. ಆದ್ದರಿಂದ ಆಕೆಯನ್ನು ನಿರ್ದೋಷಿಯೆನ್ನಲು ನನ್ನ ನಾಲಗೆ ಏಳದು.

ವಿಶಾಲಾಕ್ಷಿ: ಅಂದರೆ ನಂಬಿಕೆಯೇ ದೋಷವಾಯಿತೆ? ಮುಟ್ಟಿ ಆರೈಕೆ ಮಾಡುವ ವೃತ್ತಿ ನಮ್ಮದು; ರೋಗಿ ನಂಬದಿದ್ದರೆ ಒಂದು ಸೂಜಿಯನ್ನೂ ಚುಚ್ಚಲಾರೆವು.

ಸುಭದ್ರಮ್ಮ: ಒಳ್ಳೆಯ ಪ್ರಶ್ನೆ ಕೇಳಿದೆ. ಊರಿಗೆ ಹೋಗುವವನೊಬ್ಬ ನೆರೆಯವನ ಮನೆಯಲ್ಲಿ ಇಡುಗಂಟು ಇಟ್ಟು ಹೋಗುತ್ತಾನೆಂದುಕೊ. ಆ ಗಂಟನ್ನು ನೆರೆಯವನು ಬಿಚ್ಚಿ, ತನಗಾಗಿಯಲ್ಲ, ಊರಿಗೊಂದು ಬಾವಿ ತೋಡಿಸಲೆಂದೇ ವ್ಯಯಮಾಡಿದರೂ ಇಟ್ಟವನ ಮಾತು ಪಡೆಯದೆ ಮಾಡಿದ್ದು ದ್ರೋಹವೇ. ರೋಗಿಯ ನಂಬಿಕೆ ಅಂಥ ಇಡುಗಂಟು. ತನ್ನ ಪ್ರಾಣರಕ್ಷಣೆಗೆಂದು ಅದನ್ನು ನಮ್ಮಲ್ಲಿ ಇಟ್ಟಿರುತ್ತಾಳೆ. ಜ್ಞಾನವೂ ಒಂದು ಬಾವಿಯೇ, ನೂರು ಮಂದಿ ನೀರು ಕುಡಿಯಬಹುದು. ಆದರೂ ಗಂಟು ಅವಳದು.

(ತಡೆದು) ನಾನೂ ಒಮ್ಮೆ ಬಿಚ್ಚಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ವೈದ್ಯರೊಬ್ಬರ ಅಧ್ಯಯನಕ್ಕೆ ರಕ್ತ ಬೇಕಿತ್ತು. ಹಳ್ಳಿಯ ಮುದುಕಿಯೊಬ್ಬಳಿಗೆ, ‘ಪರೀಕ್ಷೆಗಮ್ಮ’ ಎಂದಷ್ಟೇ ಹೇಳಿ ತೋಳು ಹಿಡಿದೆ. ‘ನೀನು ಕೇಳಿದ್ ಮ್ಯಾಕೆ ಇಲ್ಲ ಅಂತೀನಾ, ತಕ್ಕಳವ್ವ’ ಎಂದು ಅವಳೇ ಸೆರಗು ಸರಿಸಿಕೊಟ್ಟಳು. ಅವಳಿಗೆ ಯಾವ ಕೇಡೂ ಆಗಲಿಲ್ಲ. ಆದರೂ ಆ ತೋಳು ನನಗೆ ಇಂದಿಗೂ ಕಾಣುತ್ತದೆ.

ವಿಶಾಲಾಕ್ಷಿ: ನೋವಿಗೆ ಮೊದಲೇ, ಏಳನೆಯ ಎಂಟನೆಯ ತಿಂಗಳ ತಪಾಸಣೆಗೆ ಬಂದಾಗಲೇ ಕೇಳಬಹುದಾಗಿತ್ತು.

ಸುಭದ್ರಮ್ಮ: ಕೇಳಿ, ಮನೆಗೆ ಹೋಗಿ ಗಂಡನೊಡನೆ, ತಾಯಿಯೊಡನೆ ಮಾತಾಡಿ ಬಾ ಎಂದು ಕಳುಹಿಸಬಹುದಾಗಿತ್ತು. ಕೇಳುವವಳು ನೀನೂ ಆಗಬೇಕಿಲ್ಲ. ಆ ವಾರ್ಡಿನ ಕೆಲಸಕ್ಕೆ ಸೇರದ, ಬಿಳಿಯ ಬಟ್ಟೆಯಿಲ್ಲದ ಒಬ್ಬರು ಕೇಳಲಿ. ಹೆರಿಗೆಯ ಹೊತ್ತಿಗೆ, ಅಂದು ಒಪ್ಪಿದ್ದೆ, ಈಗಲೂ ಒಪ್ಪುತ್ತೀಯಾ ಎಂದು ನೀನು ಇನ್ನೊಮ್ಮೆ ವಿಚಾರಿಸು. ಇನ್ನು, ನೀವದೆ ಬಿಟ್ಟ ಆ ಹತ್ತು ಮಂದಿಯ ವಿಚಾರ?

ವಿಶಾಲಾಕ್ಷಿ: ಅಧ್ಯಯನ ಮುಗಿದ ಮೇಲೆ ಅವರಿಗೂ ಅದೇ ಸೇವೆಯನ್ನು ಕೊಡಲಾಗುವುದೆಂದು ಬರೆದಿದ್ದೇನೆ, ಎಲ್ಲರೂ ಹಾಗೆಯೇ ಬರೆಯುತ್ತಾರೆ... (ನಿಲ್ಲಿಸಿ) ಹೆರಿಗೆಯಾದ ಮೇಲೆ ಹೆರಿಗೆ ನೋವೆಲ್ಲಿಯದು!

ಸುಭದ್ರಮ್ಮ: ಅವರಲ್ಲಿ ಯಾರಾದರೂ ಬೆನ್ನು ನೀವೆಂದು ಕೇಳಿದರೆ?

ವಿಶಾಲಾಕ್ಷಿ: ಒಬ್ಬಳು ಕೇಳಿದಳು. ಪಕ್ಕದ ಮಂಚದವಳಿಗೆ ನೀವುವುದನ್ನು ಹಿಂದಿನ ದಿನ ಕಂಡಿದ್ದಳಂತೆ. ಆಯಮ್ಮನನ್ನು ಕಳುಹಿಸುತ್ತೇನೆಂದು ಹೇಳಿ ಹೊರಗೆ ಬಂದೆ. ಕಳುಹಿಸಲಿಲ್ಲ. ಕಳುಹಿಸಿದ್ದರೆ ಲೆಕ್ಕ ಕೆಡುತ್ತಿತ್ತು.

(ಸುಭದ್ರಮ್ಮ ಉತ್ತರಿಸದೆ ಅವಳ ಕೈಮೇಲೆ ಕೈಯಿಟ್ಟರು.)

ವಿಶಾಲಾಕ್ಷಿ: ಕೇಳಿದವಳಿಗೆ ನೀವಲೇಬೇಕು, ಅವಳ ಅಂಕಿಯನ್ನು ಬಿಟ್ಟುಬಿಡಬೇಕು. ಅಷ್ಟೇ ಅಲ್ಲವೆ?

ಸುಭದ್ರಮ್ಮ: ಬಿಟ್ಟದ್ದನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಬೇಕು. ಮಗು, ಅಲಬಾಮ ದೂರದ್ದೆಂದುಕೊಳ್ಳಬೇಡ. ನಮ್ಮ ನೆರೆಯ ಆಂಧ್ರಪ್ರದೇಶಕ್ಕೆ ಆಗ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಆಮೇಲೆ ಪರಿಶೀಲಿಸಿದ 9,543 ಸಮ್ಮತಿಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್ನರು. ಆ ಹುಡುಗಿಯರಿಗೆ ತಾವೇ ತಾಯಿತಂದೆಯೆಂದು ಅವರಲ್ಲಿ ಎಷ್ಟೋ ಮಂದಿ ನಿಜವಾಗಿಯೂ ಭಾವಿಸಿದ್ದಿರಬಹುದು. ಆ ಪತ್ರಗಳಲ್ಲಿ ಹೆತ್ತವರ ಸಹಿ ಮಾತ್ರ ಇರಲಿಲ್ಲ.

ವಿಶಾಲಾಕ್ಷಿ: ಕ್ರಮ ಬದಲಾಯಿಸಬೇಕಾದರೆ ಕಮಿಟಿಯ ಮುಂದೆ ಮತ್ತೆ ಹೋಗಬೇಕು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿದೆ, ಗೈಡ್ ಏನೆನ್ನುವರೋ. ಒಲ್ಲೆನೆನ್ನುವವರು ಹೆಚ್ಚಾದರೆ ಅರವತ್ತು ತುಂಬದೆಯೂ ಹೋಗಬಹುದು.

ಸುಭದ್ರಮ್ಮ: ತುಂಬದಿರಬಹುದು. ಆ ವಿವರಣಪತ್ರ ತೆಗೆ. ಬೇಡವೆನ್ನುವ ಹಕ್ಕಿನ ವಿಚಾರ ಎಲ್ಲಿದೆ?

ವಿಶಾಲಾಕ್ಷಿ: ಎರಡನೆಯ ಪುಟದ ಕೊನೆಯಲ್ಲಿ. ‘ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯವಿರುತ್ತದೆ.’

ಸುಭದ್ರಮ್ಮ: ನಾನೇ ಆ ಹುಡುಗಿಯೆಂದುಕೊ. ನನಗೆ ಹೇಳು.

ವಿಶಾಲಾಕ್ಷಿ: (ಕಾಗದವನ್ನು ಮಡಿಸಿಟ್ಟು, ತಡವರಿಸಿ) ನೋಡವ್ವ, ಇದು ನನ್ನ ಓದಿಗೆ ಬೇಕಾಗಿರೋ ಕೆಲಸ. ನಿನಗೆ ಇಷ್ಟ ಇಲ್ಲ ಅಂದ್ರೆ ಬ್ಯಾಡ ಅನ್ನು. ಬ್ಯಾಡ ಅಂದ್ರೂ ನಿನ್ನ ನೋಡ್ಕಳೋಳು ನಾನೇ. ಬೆನ್ನು ನೀವು ಅಂದ್ರೆ ಆವಾಗ್ಲೂ ನೀವ್ತೀನಿ.

ಸುಭದ್ರಮ್ಮ: ಅದನ್ನು ಮೊದಲನೆಯ ಪುಟದ ಮೊದಲನೆಯ ಸಾಲಿನಲ್ಲಿ ಬರೆ.

(ವಿಶಾಲಾಕ್ಷಿ ಕಡತದಿಂದ ಪೆನ್ಸಿಲ್ ತೆಗೆದು ಬರೆಯತೊಡಗಿದಳು. ಎರಡು ಸಾಲು ಬರೆದವಳು ತಲೆಯೆತ್ತಿ, ಬೆನ್ನು ನೀವೆಂದು ಕೇಳಿದ ಆ ಹುಡುಗಿ ಕೂಸಿಗೆ ಲಸಿಕೆ ಹಾಕಿಸಲು ಬರುವ ಬುಧವಾರ ಆಸ್ಪತ್ರೆಗೆ ಬರುತ್ತಾಳೆಂದು ಹೇಳಿದಳು.)