ಎದುರಿಗಿಲ್ಲದವನ ವಿಚಾರಣೆ

ಅಪರಾಧದ ಆರೋಪ ಹೊತ್ತ ಮನುಷ್ಯನು ಎದುರಿಗೆ ಇಲ್ಲದಿರುವಾಗ ಅವನ ಮೇಲೆ ತೀರ್ಪು ಕೊಡುವುದು ನ್ಯಾಯವೇ? ಈ ಪ್ರಶ್ನೆ ಕೇವಲ ವಕೀಲರಿಗೆ ಸೇರಿದುದಲ್ಲ. ನಮ್ಮ ಪೇಟೆಗಳಲ್ಲಿ ಬಾಕಿಯ ತಂಟೆ ಎದ್ದಾಗ ಒಬ್ಬನ ಖಾತೆಪುಸ್ತಕವನ್ನಷ್ಟೇ ನೋಡಿ ಯಾವ ಹಿರಿಯರೂ ತೀರ್ಮಾನ ಹೇಳುವುದಿಲ್ಲ. ಇಬ್ಬರ ಕೀರ್ದಿ-ಖಾತೆಗಳನ್ನೂ ತರಿಸಿ, ಇಬ್ಬರನ್ನೂ ಕೂರಿಸಿಕೊಂಡು ತಾಳೆ ನೋಡುತ್ತಾರೆ. ಹಣದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಮಾನ, ಸ್ವಾತಂತ್ರ್ಯ, ಪ್ರಾಣಗಳ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ವಹಿಸಬಹುದೇ ಎಂಬುದು ಇಲ್ಲಿನ ವಿಚಾರ.

ಜಗತ್ತಿನ ರಾಷ್ಟ್ರಗಳು 1966ರಲ್ಲಿ ಒಪ್ಪಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯು, ಆರೋಪಿಗೆ ತನ್ನ ವಿಚಾರಣೆಯಲ್ಲಿ ಹಾಜರಿರುವ ಹಕ್ಕಿದೆ ಎಂದು ಸಾರುತ್ತದೆ. ಭಾರತವು 1979ರಲ್ಲಿ ಅದನ್ನು ಅಂಗೀಕರಿಸಿತು. ಸಾಕ್ಷ್ಯವನ್ನು ಆರೋಪಿಯ ಅಥವಾ ಅವನ ವಕೀಲರ ಸಮಕ್ಷಮದಲ್ಲಿಯೇ ಪಡೆಯಬೇಕೆಂಬುದು ನಮ್ಮ ದಂಡ ಪ್ರಕ್ರಿಯೆಯ ಹಳೆಯ ನಿಯಮವೂ ಹೌದು. ಇದರ ಕಾರಣ ಸರಳವಾಗಿದೆ. ವಕೀಲನಿಗೆ ಕಾನೂನು ಗೊತ್ತು. ಆದರೆ ಆ ದಿನ, ಆ ಹೊತ್ತಿನಲ್ಲಿ ನಡೆದುದೇನೆಂಬುದು ಆರೋಪಿಗೆ ಗೊತ್ತು. ಸಾಕ್ಷಿಯ ಮಾತು ಎಲ್ಲಿ ತಪ್ಪಿತೆಂದು ವಕೀಲನ ಕಿವಿಯಲ್ಲಿ ಹೇಳಬಲ್ಲವನು ಅವನೊಬ್ಬನೇ. ಒಂದೇ ಕಡೆಯಿಂದ ಕಂಡ ವಸ್ತು ಪೂರ್ಣ ವಸ್ತುವಲ್ಲವೆಂದು ಅನೇಕಾಂತವನ್ನು ಬಲ್ಲ ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಆರೋಪಿ ಗೈರುಹಾಜರಾದರೆ ನಷ್ಟವಾಗುವುದು ಅವನಿಗೆ ಮಾತ್ರವಲ್ಲ, ಸತ್ಯವನ್ನು ಅರಸುವ ನ್ಯಾಯಾಧೀಶನಿಗೂ ಹೌದು.

ಎರಡನೆಯ ಮಹಾಯುದ್ಧದ ತರುವಾಯ ನ್ಯೂರೆಂಬರ್ಗಿನಲ್ಲಿ ನಡೆದ ವಿಚಾರಣೆಯಲ್ಲಿ ಹಿಟ್ಲರನ ಕಾರ್ಯದರ್ಶಿ ಮಾರ್ಟಿನ್ ಬೋರ್ಮನ್ ಸಿಕ್ಕಿರಲಿಲ್ಲ. ಆತ ಸತ್ತಿರಬಹುದೆಂದು ಅವನ ಪರ ವಕೀಲರು ವಾದಿಸಿದರು. ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಮಂಡಳಿಯು 1946ರ ಅಕ್ಟೋಬರ್ 1ರಂದು ಅವನ ಗೈರುಹಾಜರಿಯಲ್ಲಿಯೇ ಮರಣದಂಡನೆ ವಿಧಿಸಿತು. 1972ರಲ್ಲಿ ಬರ್ಲಿನ್ನಿನಲ್ಲಿ ದೊರೆತ ಅಸ್ಥಿಗಳು ಅವನವೇ ಎಂದು 1998ರಲ್ಲಿ ಡಿಎನ್ಎ ಪರೀಕ್ಷೆ ದೃಢಪಡಿಸಿತು. ಆತ 1945ರ ಮೇ ತಿಂಗಳಿನಲ್ಲಿಯೇ ಸತ್ತಿದ್ದನು. ನ್ಯಾಯಮಂಡಳಿಯು ಮೃತನೊಬ್ಬನನ್ನು ವಿಚಾರಿಸಿ ಗಲ್ಲಿಗೇರಿಸಲು ಆಜ್ಞಾಪಿಸಿದಂತಾಯಿತು. ಆದರೂ ಆ ತೀರ್ಪಿನಲ್ಲಿ ಒಂದು ವಿವೇಕವಿತ್ತು: ಮುಂದೆ ಅವನು ಜೀವಂತ ಸಿಕ್ಕರೆ ಶಿಕ್ಷೆಯನ್ನು ತಗ್ಗಿಸುವ ಸಂಗತಿಗಳನ್ನು ಪರಿಶೀಲಿಸಬಹುದೆಂದು ಅದು ಬಾಗಿಲನ್ನು ತೆರೆದಿಟ್ಟಿತ್ತು. 1998ರ ರೋಮ್ ಶಾಸನದಿಂದ ಹುಟ್ಟಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಾದರೋ ಆರೋಪಿಯು ವಿಚಾರಣೆಯಲ್ಲಿ ಹಾಜರಿರಲೇಬೇಕೆಂಬ ನಿಯಮವನ್ನು ಇಟ್ಟುಕೊಂಡಿತು. ಉಗಾಂಡಾದ ಬಂಡುಕೋರ ನಾಯಕ ಜೋಸೆಫ್ ಕೋನಿಯ ಮೇಲೆ 2005ರಲ್ಲಿ ವಾರಂಟ್ ಹೊರಟರೂ ಆತ ಸಿಕ್ಕಿಲ್ಲ. 2025ರಲ್ಲಿ ಅವನ ಗೈರುಹಾಜರಿಯಲ್ಲಿ ದೋಷಾರೋಪಗಳನ್ನು ದೃಢಪಡಿಸಲಾಯಿತು. ಆದರೆ ಅವನು ಸಿಗುವವರೆಗೆ ವಿಚಾರಣೆ ಆರಂಭವಾಗುವಂತಿಲ್ಲ.

ಹಾಗಾದರೆ ಓಡಿಹೋದವನೇ ಗೆದ್ದಂತಾಯಿತಲ್ಲ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ನೊಂದವರು ವರ್ಷಗಟ್ಟಲೆ ಕಾಯುತ್ತಾರೆ, ಸಾಕ್ಷಿಗಳು ಮುದುಕರಾಗುತ್ತಾರೆ, ಕಾಗದಪತ್ರಗಳು ಕಳೆದುಹೋಗುತ್ತವೆ. ನಮ್ಮ ರಾಜ್ಯದ ಉದ್ಯಮಿ ವಿಜಯ ಮಲ್ಯ ಅವರು 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು. ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶಗಳನ್ನು ಮೀರಿ 4 ಕೋಟಿ ಡಾಲರ್ ಹಣವನ್ನು ಮಕ್ಕಳಿಗೆ ವರ್ಗಾಯಿಸಿದ್ದಕ್ಕಾಗಿ ಸರ್ವೋಚ್ಚ ನ್ಯಾಯಾಲಯವು 2017ರ ಮೇ 9ರಂದು ಅವರನ್ನು ನ್ಯಾಯಾಂಗ ನಿಂದನೆಯ ದೋಷಿಯೆಂದು ಸಾರಿತು. ಶಿಕ್ಷೆಯ ಬಗ್ಗೆ ಅಹವಾಲು ಹೇಳಿಕೊಳ್ಳಲು ಖುದ್ದಾಗಿ ಬರಬೇಕೆಂದು ಆಜ್ಞಾಪಿಸಿತು. ಅವರು ಬರಲಿಲ್ಲ. ಅವರ ಪುನರ್ವಿಮರ್ಶೆಯ ಅರ್ಜಿ 2020ರಲ್ಲಿ ತಿರಸ್ಕೃತವಾಯಿತು. ಐದು ವರ್ಷ ಕಾದ ಮೇಲೆ, 2022ರ ಜುಲೈ 11ರಂದು, ನ್ಯಾಯಾಲಯವು ಅವರ ಗೈರುಹಾಜರಿಯಲ್ಲಿ ನಾಲ್ಕು ತಿಂಗಳ ಸಜೆ ಮತ್ತು 2,000 ರೂಪಾಯಿ ದಂಡ ವಿಧಿಸಿತು. ನಿಂದನೆಯ ಪ್ರಕರಣವು ಸಾಮಾನ್ಯ ಅಪರಾಧ ವಿಚಾರಣೆಗಿಂತ ಭಿನ್ನವಾದುದು, ನಿಜ. ಆದರೆ ಇಲ್ಲಿ ಗಮನಿಸಬೇಕಾದುದು ಇಷ್ಟು: ಏನು ನಡೆಯುತ್ತಿದೆಯೆಂದು ಅವರಿಗೆ ಗೊತ್ತಿತ್ತು, ವಕೀಲರ ಮೂಲಕ ಅರ್ಜಿಯನ್ನೂ ಹಾಕಿದ್ದರು. ಅರಿತು ಬಿಟ್ಟುಕೊಟ್ಟ ಹಕ್ಕನ್ನು ಕಸಿದುಕೊಂಡ ಹಕ್ಕೆಂದು ಕರೆಯಲಾಗದು.

ಇದಕ್ಕೆ ವಿರುದ್ಧವಾದ ನಿದರ್ಶನ ಇಟಲಿಯದು. ಕೊಲೋಝಾ ಎಂಬಾತನು ಮನೆ ಬದಲಾಯಿಸಿದ್ದನು. ನೋಟೀಸು ಹಳೆಯ ವಿಳಾಸಕ್ಕೆ ಹೋಗಿ ಮರಳಿತು. ತಲೆಮರೆಸಿಕೊಂಡವನೆಂದು ಘೋಷಿಸಿ 1976ರಲ್ಲಿ ಶಿಕ್ಷೆ ವಿಧಿಸಲಾಯಿತು. ವಿಚಿತ್ರವೆಂದರೆ, ಬೇರೊಂದು ಪ್ರಕರಣದ ಸಂಬಂಧವಾಗಿ ಪೊಲೀಸರಿಗೇ ಅವನ ಹೊಸ ವಿಳಾಸ ಸಿಕ್ಕಿತ್ತು. ಅವನಿಗೆ ನ್ಯಾಯವಾದ ವಿಚಾರಣೆ ದೊರೆಯಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 1985ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಅವನು ತೀರಿಹೋಗಿದ್ದನು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೆಯ ಪ್ರಕರಣವು ನಮ್ಮಲ್ಲಿಯೂ ಇಂಥ ವಿಚಾರಣೆಗೆ ಅವಕಾಶ ಕೊಟ್ಟಿದೆ. ಘೋಷಿತ ಅಪರಾಧಿಯು ವಿಚಾರಣೆಯನ್ನು ತಪ್ಪಿಸಿಕೊಳ್ಳಲು ತಲೆಮರೆಸಿಕೊಂಡಿದ್ದರೆ, ದೋಷಾರೋಪ ರಚಿಸಿ 90 ದಿನ ಕಳೆದ ಮೇಲೆ ವಿಚಾರಣೆ ನಡೆಸಬಹುದು. ಅದಕ್ಕೂ ಮೊದಲು ಎರಡು ವಾರಂಟ್ ಹೊರಡಿಸಬೇಕು, ಕೊನೆಯ ವಿಳಾಸದ ಪ್ರದೇಶದ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು, ಮನೆಯ ಮೇಲೆ ಅಂಟಿಸಬೇಕು. ವಕೀಲನಿಲ್ಲದಿದ್ದರೆ ಸರಕಾರದ ವೆಚ್ಚದಲ್ಲಿ ಒದಗಿಸಬೇಕು. ಇವೆಲ್ಲ ಒಳ್ಳೆಯ ಕಾವಲುಗಳೇ. ಆದರೆ ತೀರ್ಪಿನಿಂದ ಮೂರು ವರ್ಷ ಕಳೆದರೆ ಮೇಲ್ಮನವಿಯೇ ಇಲ್ಲವೆಂಬ ಮಾತು ನನಗೆ ಒಪ್ಪಿಗೆಯಾಗದು. ನಿಪ್ಪಾಣಿ, ಕಾಗವಾಡಗಳಿಂದ ದುಡಿಮೆಗಾಗಿ ಇಚಲಕರಂಜಿಗೋ ಮೀರಜಿಗೋ ಹೋದವನ ಸಂಗತಿಯನ್ನು ಯೋಚಿಸಿರಿ. ಅವನ ಹಳೆಯ ಮನೆಗೆ ಬೀಗ ಬಿದ್ದಿದೆ. ಕನ್ನಡ ಪತ್ರಿಕೆಯಲ್ಲಿ ಬಂದ ಪ್ರಕಟಣೆ ಮರಾಠಿ ಪತ್ರಿಕೆ ಓದುವ ಅವನ ಕಣ್ಣಿಗೆ ಬೀಳದು. ಓಡಿದವನಿಗೂ ಅರಿಯದವನಿಗೂ ಒಂದೇ ಗಡುವು ಹಾಕುವುದು ಸರಿಯಲ್ಲ. ತನಗೆ ತಿಳಿದೇ ಇರಲಿಲ್ಲವೆಂದು ತೋರಿಸಿಕೊಡಬಲ್ಲವನಿಗೆ ಎಷ್ಟೇ ವರ್ಷ ಕಳೆದಿದ್ದರೂ ಮರುವಿಚಾರಣೆ ದೊರೆಯಬೇಕು.

ಈ ಮಾತು ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಅನ್ವಯಿಸುತ್ತದೆ. ಹುಂಡಿಯ ಲೆಕ್ಕದಲ್ಲಿ ವ್ಯತ್ಯಾಸ ಬಂದಿತೆಂದು ಗುಮಾಸ್ತನನ್ನೋ, ನಡತೆ ಸರಿಯಿಲ್ಲವೆಂದು ಪುರೋಹಿತರನ್ನೋ ಅವರಿಲ್ಲದ ಸಭೆಯಲ್ಲಿ ತೆಗೆದುಹಾಕುವ ಠರಾವು ಬರೆಯುವುದು ಬಹಳ ಸುಲಭ. ಅದಕ್ಕೆ ಮೊದಲು ಆರೋಪವನ್ನು ಅವರು ಓದಬಲ್ಲ ಭಾಷೆಯಲ್ಲಿ ಬರೆದು ಕೈಗೆ ಮುಟ್ಟಿಸಬೇಕು. ಲೆಕ್ಕದ ಪುಸ್ತಕವನ್ನು ಅವರಿಗೂ ತೋರಿಸಬೇಕು. ಅವರು ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಬೇಕು. ಕರೆದರೂ ಬಾರದಿದ್ದರೆ ಸಂಸ್ಥೆಯ ರಕ್ಷಣೆಗೆ ಅಗತ್ಯವಾದಷ್ಟನ್ನೇ ನಿರ್ಣಯಿಸಿ, ಬಂದ ದಿನ ಮತ್ತೆ ಕೇಳುವೆವೆಂದು ಬರೆದಿಡಬೇಕು. ಇದಕ್ಕೆ ಖರ್ಚಾಗುವುದು ಒಂದೆರಡು ವಾರ ಮಾತ್ರ. ಕೇಳದೆ ಕಳೆದ ಮಾನವನ್ನು ಮರಳಿ ಕೊಡಲು ಯಾವ ಠರಾವಿಗೂ ಸಾಧ್ಯವಿಲ್ಲ.