ಸಲಹೆಯ ಋಣ

ಅನ್ಯರಿಗೆ ಬುದ್ಧಿ ಹೇಳುವುದು ಲೋಕದಲ್ಲಿ ಸುಲಭವಾದ ಕೆಲಸಗಳಲ್ಲೊಂದು. ಹೇಳಿದ ಮಾತು ಫಲಿಸಿದರೆ ಕೀರ್ತಿ ತನಗೆ, ಕೆಟ್ಟರೆ ನಷ್ಟ ಕೇಳಿದವನಿಗೆ ಎಂಬ ಏರ್ಪಾಡಿದ್ದರಂತೂ ಅದು ಇನ್ನಷ್ಟು ಸುಲಭ. ವೈದ್ಯನ ಮದ್ದು ಮೇಲಿಂದ ಮೇಲೆ ಕೆಟ್ಟರೆ ಊರವರು ಅವನ ಬಾಗಿಲಿಗೆ ಹೋಗುವುದನ್ನು ಬಿಡುತ್ತಾರೆ. ಗಾರೆಯವನು ಕಟ್ಟಿದ ಗೋಡೆ ಮಳೆಗಾಲದಲ್ಲಿ ಕುಸಿದರೆ ಅವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಆದರೆ ಇಂಥ ಬೀಜ ಬಿತ್ತು, ಇಂಥ ಗೊಬ್ಬರ ಹಾಕು, ಇಂಥ ಔಷಧಿ ಹೊಡೆ ಎಂದು ರೈತನಿಗೆ ಹೇಳಿದವನ ಮಾತು ಹುಸಿಯಾದಾಗ, ಹೇಳಿದವನ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಕೇಳಿದವನ ಹೊಲದ ಪಹಣಿಯಲ್ಲಿ ಮಾತ್ರ ಸಾಲದ ಷರಾ ಏರುತ್ತದೆ. ಇದು ಧರ್ಮವೇ? ಕೃಷಿ ಸಂಶೋಧನೆಯನ್ನೂ ಕೃಷಿ ನೀತಿಯನ್ನೂ ಕುರಿತು ಇಂದು ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೆಂದು ನಮಗೆ ತೋರುತ್ತದೆ.

ಪ್ರಶ್ನೆ ಕೇವಲ ವಿಚಾರವಿಲಾಸಕ್ಕಾಗಿ ಹುಟ್ಟಿದ್ದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಅಂಕಿಗಳಂತೆ 2022 ರಲ್ಲಿ ಈ ದೇಶದಲ್ಲಿ ಬೇಸಾಯವನ್ನು ನೆಚ್ಚಿದ 11,290 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಲ್ಲಿ 2,392 ಮಂದಿ ಕರ್ನಾಟಕದವರು. ಇವರಲ್ಲಿ ಹೊಲವುಳ್ಳವರೂ ಇದ್ದರು, ಕೂಲಿಯವರೂ ಇದ್ದರು. ಕೃಷಿ ವಿಶ್ವವಿದ್ಯಾಲಯಗಳಿಗಾಗಲಿ ಸಂಶೋಧನಾ ಕೇಂದ್ರಗಳಿಗಾಗಲಿ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಬೆಂಗಳೂರಿನಲ್ಲಿ 1964 ರಿಂದ, ಧಾರವಾಡದಲ್ಲಿ 1986 ರಿಂದ ಕೃಷಿ ವಿಶ್ವವಿದ್ಯಾಲಯಗಳಿವೆ. ರಾಯಚೂರು, ಶಿವಮೊಗ್ಗಗಳಿಗೂ ಅವು ಬಂದಿವೆ. ಇಷ್ಟು ವಿದ್ಯೆಯ ನಡುವೆ ಇಷ್ಟು ಸಂಕಟವೇಕೆ?

ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯನ್ನೇ ನೋಡೋಣ. 1997 ರವರೆಗೆ ಚಿತ್ರದುರ್ಗ ಜಿಲ್ಲೆಗೂ ಅನಂತರ ದಾವಣಗೆರೆ ಜಿಲ್ಲೆಗೂ ಸೇರಿದ ಈ ಸೀಮೆ ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಒಂದು ವರ್ಷ ಹದವಾಗಿ ಸುರಿದ ಮಳೆ ಮುಂದಿನ ವರ್ಷ ಮುಖ ತೋರಿಸದೆ ಹೋಗುವುದು ಇಲ್ಲಿಯವರಿಗೆ ಹೊಸತಲ್ಲ. 2023 ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಉಳಿದ ನಾಡು ಬೆಚ್ಚಿಬಿದ್ದಿತು. ಇಲ್ಲಿಯವರಿಗೆ ಅದು ಪರಿಚಿತ ಅತಿಥಿಯ ಮತ್ತೊಂದು ಆಗಮನ. ಇಂಥ ಭೂಮಿಯನ್ನು ಉಳುವವರು ಹಿಂದೆ ಒಂದೇ ಬೆಳೆಯನ್ನು ನಂಬುತ್ತಿರಲಿಲ್ಲ. ಜೋಳ, ರಾಗಿ, ಸಜ್ಜೆ, ನವಣೆಗಳ ನಡುವೆ ತೊಗರಿ, ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ಮುಂಗಾರು ಕೈಕೊಟ್ಟರೆ ಹಿಂಗಾರಿನದು, ಕಾಳು ಕೈಗೆ ಬರದಿದ್ದರೆ ದನಕ್ಕೆ ಮೇವು, ಹೀಗೆ ಏನಾದರೊಂದು ಮನೆಗೆ ಬರುತ್ತಿತ್ತು.

ಹಳೆಯ ಕಾಲವೆಲ್ಲ ಸುವರ್ಣಯುಗವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1876 ರಿಂದ 78 ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವೇ ಅಳಿಯಿತು. ಅಕ್ಕಡಿ ಸಾಲು ಅದನ್ನು ತಡೆಯಲಿಲ್ಲ. ಆದುದರಿಂದ ವಿಜ್ಞಾನವು ಹೊಲಕ್ಕೆ ಬಂದದ್ದು ಬೇಕಾಗಿಯೇ ಬಂದದ್ದು, ಮತ್ತು ಅದು ಮಾಡಿದ ಉಪಕಾರವೂ ದೊಡ್ಡದು. 1908 ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಇಂದಿಗೂ ಮಲೆನಾಡಿನ ತೋಟಗಳನ್ನು ಕಾಯುತ್ತಿರುವುದು ಅದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. 1966 ರಲ್ಲಿ ಮೆಕ್ಸಿಕೋದಿಂದ ತರಿಸಿದ ಸುಮಾರು 18,000 ಟನ್ ಗೋಧಿ ಬೀಜದಿಂದ ಚಿಗುರಿದ ಹಸಿರು ಕ್ರಾಂತಿಯು ಅಮೆರಿಕದ ಹಡಗುಗಳನ್ನು ಎದುರು ನೋಡುತ್ತಿದ್ದ ದೇಶವನ್ನು ಆ ದೈನ್ಯದಿಂದ ಪಾರುಮಾಡಿತು. ಇದನ್ನು ಮರೆಯುವವನು ಕೃತಘ್ನನೇ ಸರಿ.

ಆದರೆ ಈ ಉಪಕಾರಗಳ ಸ್ವರೂಪವನ್ನು ಕೊಂಚ ಗಮನಿಸಬೇಕು. ಇಂಡಾಫ್ ರಾಗಿಯನ್ನು ಒಮ್ಮೆ ಪಡೆದ ರೈತನು ತನ್ನ ಕಣದಿಂದಲೇ ಮರುವರ್ಷದ ಬೀಜವನ್ನು ಎತ್ತಿಡಬಹುದಾಗಿತ್ತು, ನೆಂಟರಿಗೆ ಮೊರದಲ್ಲಿ ಅಳೆದು ಕೊಡಬಹುದಾಗಿತ್ತು. ವಿದ್ಯೆಯು ಅವನ ಮನೆಯ ಸ್ವತ್ತಾಯಿತು. ಕಳೆದ ಮೂರು ನಾಲ್ಕು ದಶಕಗಳಲ್ಲಿ ದಾವಣಗೆರೆ ಜಿಲ್ಲೆಯ ಬೆದ್ದಲುಗಳನ್ನು ಆವರಿಸಿದ ಮೆಕ್ಕೆಜೋಳದ ಕಥೆ ಬೇರೆ. ಸಂಕರಣ ತಳಿಯ ಕಾಳನ್ನು ಮರಳಿ ಬಿತ್ತಿದರೆ ಮೊದಲಿನ ಇಳುವರಿ ನಿಲ್ಲದು. ಪ್ರತಿ ವರ್ಷವೂ ಬೀಜದಂಗಡಿಯ ಮುಂದೆ ನಿಲ್ಲಲೇಬೇಕು. ಹೊಟ್ಟೆಬಾಕ ಬೆಳೆಯಾದುದರಿಂದ ಗೊಬ್ಬರವೂ ಹೆಚ್ಚು ಬೇಕು. ಬೆಳೆದದ್ದು ಬಹುಪಾಲು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲಿಗೆ ಹೋಗುವುದರಿಂದ ಧಾರಣೆ ಬಿದ್ದ ವರ್ಷ ಮನೆಯಲ್ಲಿಟ್ಟು ಉಣ್ಣುವಂತೆಯೂ ಇಲ್ಲ. 2018 ರ ಮೇ ತಿಂಗಳಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದನ್ನು ಬೇಗ ಗುರುತಿಸಿದ ಅಲ್ಲಿಯ ವಿಜ್ಞಾನಿಗಳ ಎಚ್ಚರ ಪ್ರಶಂಸನೀಯ. ಆದರೆ ಹರದಾರಿಗಟ್ಟಲೆ ಒಂದೇ ಬೆಳೆ ಹಬ್ಬಿ ನಿಂತಿರುವಲ್ಲಿ ಹುಳುವಿಗೆ ಹಾಸಿದ ಎಲೆಯನ್ನು ಮಡಿಸುವ ಬಗೆಯೆಂತು? ತೌಡು ಬೆಲ್ಲಗಳಲ್ಲಿ ವಿಷ ಬೆರೆಸಿ ಸುಳಿಗೆ ಹಾಕುವ ಉಪಾಯ ರೈತನಿಗೆ ತಿಳಿಯಿತು. ಅದರ ಖರ್ಚೂ ಅವನದೇ ಆಯಿತು.

ಇನ್ನು ನೀತಿಯ ವಿಚಾರ. 2025-26 ನೆಯ ಸಾಲಿಗೆ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿತವಾಯಿತು. ಆ ವರ್ಷದ ಸುಗ್ಗಿಯಲ್ಲಿ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಧಾರಣೆ ಎರಡು ಸಾವಿರಕ್ಕಿಂತ ಕೆಳಗಿಳಿಯಿತು. ಕೊಳ್ಳುವವರಿಲ್ಲದ ಬೆಲೆ ಕಾಗದದ ಮೇಲಿನ ಬೆಲೆ. ಈರುಳ್ಳಿಗೆ ಒಳ್ಳೆಯ ಧಾರಣೆ ಬರುವ ಹೊತ್ತಿಗೆ, 2023 ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40 ರ ಸುಂಕವೂ ಡಿಸೆಂಬರಿನಲ್ಲಿ ಪೂರ್ಣ ನಿಷೇಧವೂ ಬಂದವು. ಪಟ್ಟಣದ ಅಡುಗೆಮನೆಯನ್ನು ಕಾಯುವುದು ತಪ್ಪಲ್ಲ. ಅದರ ವೆಚ್ಚವನ್ನು ಜಗಳೂರು, ಚಳ್ಳಕೆರೆಗಳ ಈರುಳ್ಳಿ ಬೆಳೆಗಾರನ ತಲೆಗೆ ಕಟ್ಟುವುದು ತಪ್ಪು. 2016 ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟಬೇಕಾದದ್ದು ವಿಮೆಯ ಮೊತ್ತದ ಶೇಕಡಾ 2 ಮಾತ್ರ. ಇದು ಒಳ್ಳೆಯದೇ. ಆದರೆ ಬರದ ನಷ್ಟವನ್ನು ಅಳೆಯುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿಯಿಂದ. ಮೋಡವೊಂದು ಊರಿನ ಈ ಬದಿಗೆ ಸುರಿದು ಆ ಬದಿಯನ್ನು ಬಿಟ್ಟುಹೋಗುವ ಸೀಮೆಯಲ್ಲಿ ಒಣಗಿದ ಹೊಲದವನು ನೆರೆಯವನ ಹಸಿರಿನ ದೆಸೆಯಿಂದ ಪರಿಹಾರ ಕಳೆದುಕೊಳ್ಳುತ್ತಾನೆ.

ಈ ಸರಾಸರಿ ಎಂಬ ಮಾತಿನಲ್ಲಿಯೇ ಇಡೀ ತೊಡಕಿನ ಬೇರು ಅಡಗಿದೆ. ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. ಒಂದು ಬೆಳೆ ಹತ್ತು ವರ್ಷಗಳಲ್ಲಿ ಏಳು ವರ್ಷ ಎಕರೆಗೆ ಮೂವತ್ತು ಸಾವಿರ ರೂಪಾಯಿ ಉಳಿಸಿ, ಮೂರು ವರ್ಷ ಇಪ್ಪತ್ತು ಸಾವಿರ ಕಳೆಯುತ್ತದೆ ಎನ್ನೋಣ. ಸರಾಸರಿ ಉಳಿತಾಯ ವರ್ಷಕ್ಕೆ ಹದಿನೈದು ಸಾವಿರ. ಇನ್ನೊಂದು ಬಗೆಯ ಬೇಸಾಯ ಪ್ರತಿ ವರ್ಷವೂ ಹನ್ನೆರಡು ಸಾವಿರ ಉಳಿಸುತ್ತದೆ. ವರದಿ ಬರೆಯುವವನು ಮೊದಲನೆಯದೇ ಮೇಲೆಂದು ನಿಸ್ಸಂಶಯವಾಗಿ ಬರೆಯುತ್ತಾನೆ. ಆದರೆ ಆ ಮೂರು ಕೆಟ್ಟ ವರ್ಷಗಳಲ್ಲಿ ಎರಡು ಮೊದಲಿಗೇ ಬಂದರೆ? ಎಕರೆಗೆ ನಲವತ್ತು ಸಾವಿರದ ಸಾಲ, ಅದರ ಮೇಲೆ ಕೈಬಡ್ಡಿ, ಅನಂತರ ಹೊಲದ ಭೋಗ್ಯ. ಮೂರನೆಯ ವರ್ಷದ ಹುಲುಸಾದ ಬೆಳೆಯನ್ನು ಕೊಯ್ಯುವವನು ಬೇರೆಯವನು. ಸರಾಸರಿಯು ಹತ್ತು ವರ್ಷವೂ ಬದುಕಿ ಉಳಿದವನ ಸ್ವತ್ತು. ಅಷ್ಟು ಕಾಲ ಕಾಯಬಲ್ಲವನು ಸಿರಿವಂತ. ಕಾಯಲಾರದವನೇ ಬಿಳಿಚೋಡಿನ ಮೂರೆಕರೆಯ ಒಡೆಯ. ಡಾ. ಎಂ.ಎಸ್. ಸ್ವಾಮಿನಾಥನ್ನರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗವು 2006 ರ ಹೊತ್ತಿಗೇ, ಕೃಷಿಯ ಪ್ರಗತಿಯನ್ನು ಟನ್ನುಗಳಿಂದ ಅಳೆಯದೆ ರೈತ ಕುಟುಂಬದ ನಿವ್ವಳ ಆದಾಯದಿಂದ ಅಳೆಯಬೇಕೆಂದು ಹೇಳಿತ್ತು. ಅದಕ್ಕೆ ನಾವು ಇನ್ನೊಂದು ಮಾತು ಸೇರಿಸಬೇಕಾಗಿದೆ: ಒಳ್ಳೆಯ ವರ್ಷದಲ್ಲಿ ಎಷ್ಟು ಗಳಿಸಿದನೆಂಬುದರ ಜೊತೆಗೆ, ಕೆಟ್ಟ ವರ್ಷದಲ್ಲಿ ಅವನಲ್ಲಿ ಏನು ಉಳಿಯಿತೆಂಬುದೂ ಅಳತೆಗೋಲಾಗಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೆಕ್ಕೆಜೋಳವನ್ನು ಬಿತ್ತೆಂದು ಯಾರೂ ಬಲಾತ್ಕರಿಸಲಿಲ್ಲ, ರೈತನೇ ಆರಿಸಿಕೊಂಡ ಎನ್ನಬಹುದು. ನಿಜವೇ. ಆಳು ಸಿಕ್ಕದ ಕಾಲದಲ್ಲಿ ಅದು ಕಡಿಮೆ ಆಳಿನ ಬೆಳೆ. ಜೋಳದಂತೆ ಹಕ್ಕಿ ಕಾಯುವ ಕಾಟವಿಲ್ಲ. ಮಳೆ ಬಂದರೆ ಕೈತುಂಬ ಹಣವೂ ಉಂಟು. ಅವನ ಆಯ್ಕೆ ಮೂರ್ಖತನದ್ದಲ್ಲ. ಆದರೆ ಪಡಿತರದಲ್ಲಿ ಅಕ್ಕಿಯೊಂದೇ ಹರಿದು ಜೋಳ ನವಣೆಗಳಿಗೆ ಗಿರಾಕಿ ತಪ್ಪಿದಾಗ, ಅವುಗಳನ್ನು ಹಸನುಮಾಡುವ ಯಂತ್ರಗಳ ಕಡೆಗೆ ಸಂಶೋಧನೆಯ ಲಕ್ಷ್ಯ ಹರಿಯದಿದ್ದಾಗ, ಉಳಿದ ಬಾಗಿಲುಗಳು ಮೊದಲೇ ಮುಚ್ಚಿದ್ದವು. ತೆರೆದಿದ್ದ ಒಂದೇ ಬಾಗಿಲಿನಲ್ಲಿ ಹೋದವನನ್ನು ನೀನೇ ಆರಿಸಿಕೊಂಡೆಯೆಂದು ದೂರುವುದು ನ್ಯಾಯವಲ್ಲ. ಇನ್ನೊಂದು ಆಕ್ಷೇಪವೆಂದರೆ, ಪ್ರಯೋಗ ಮಾಡುವವನಿಗೆ ನಷ್ಟ ಕಟ್ಟಿಕೊಡೆಂದರೆ ಯಾವ ವಿಜ್ಞಾನಿಯೂ ಬಾಯಿಬಿಡಲಾರ ಎಂಬುದು. ಇದೂ ಯೋಗ್ಯವಾದ ಮಾತೇ. ವ್ಯಕ್ತಿಯ ಜೇಬಿಗೆ ಕೈಹಾಕಬೇಕೆಂಬುದು ನಮ್ಮ ವಾದವಲ್ಲ. ಸಲಹೆ ಸರ್ಕಾರದ ಹೆಸರಿನಲ್ಲಿ ಬಂದಿದ್ದರೆ ನಷ್ಟದ ಪಾಲೂ ಸರ್ಕಾರದ ಹೆಸರಿನಲ್ಲಿ ಬರಲಿ. ಬೀಜ ಮಾರಿದವನ ಹೆಸರಿನಲ್ಲಿ ಬಂದಿದ್ದರೆ ಅವನ ಹೆಸರಿನಲ್ಲಿ ಬರಲಿ.

ಕಾಯಕವೆಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣನಂಥ ಬೇಸಾಯಗಾರನೂ ಇದ್ದ, ವೈದ್ಯ ಸಂಗಣ್ಣನಂಥ ಪಂಡಿತನೂ ಇದ್ದ. ಉಳುವ ಕೆಲಸ ಒಂದು ಕಾಯಕವಾದರೆ ಉಳುವವನಿಗೆ ತಿಳಿವಳಿಕೆ ಹೇಳುವುದೂ ಕಾಯಕವೇ. ಕಾಯಕಕ್ಕೂ ಬರಿಯ ನೌಕರಿಗೂ ಇರುವ ಅಂತರವೆಂದರೆ, ಕಾಯಕ ಮಾಡಿದವನು ತನ್ನ ಕೆಲಸದ ಫಲದ ಪಕ್ಕದಲ್ಲಿ ನಿಂತಿರುತ್ತಾನೆ; ಅದು ಕೆಟ್ಟಾಗ ಬೆನ್ನು ತಿರುಗಿಸುವುದಿಲ್ಲ. ಈ ನಿಲುವಿನಿಂದ ನೋಡಿದರೆ ಮಾಡಬೇಕಾದ ಕೆಲಸಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ತಳಿಯೊಂದನ್ನು ಬಿಡುಗಡೆ ಮಾಡುವ ಮುನ್ನ ಸಂಶೋಧನಾ ಕೇಂದ್ರದ ಒಳ್ಳೆಯ ಮಡಿಯಲ್ಲಿ ಮಾತ್ರವಲ್ಲದೆ ಮಳೆಯಾಶ್ರಿತ ಹೊಲದಲ್ಲಿ, ರೈತನ ಕೈಯಿಂದಲೇ, ಬರದ ವರ್ಷವೂ ಸೇರುವಂತೆ ಪರೀಕ್ಷಿಸಬೇಕು. ಗೆದ್ದ ಪ್ರಯೋಗದಷ್ಟೇ ಸೋತ ಪ್ರಯೋಗವನ್ನೂ ಊರವರಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟಿಸಬೇಕು. ಏನನ್ನು ಸಂಶೋಧಿಸಬೇಕೆಂದು ತೀರ್ಮಾನಿಸುವ ಸಭೆಗಳಲ್ಲಿ ಬೆದ್ದಲಿನ ರೈತರಿಗೂ, ಬೀಜ ಕಾಯ್ದಿಡುವ ತಾಯಂದಿರಿಗೂ ಆಸನವಿರಬೇಕು. ಬೆಂಬಲ ಬೆಲೆ ಘೋಷಿಸಿದ ಧಾನ್ಯವನ್ನು ಕೊಳ್ಳುವ ಹೊಣೆಯನ್ನೂ ಹೊತ್ತು, ಜೋಳ, ರಾಗಿ, ಸಿರಿಧಾನ್ಯ, ತೊಗರಿಗಳನ್ನು ಶಾಲೆಯ ಬಿಸಿಯೂಟಕ್ಕೂ ಪಡಿತರಕ್ಕೂ ಒಯ್ಯಬೇಕು.

ಈ ಮಾತು ಜಗಳೂರು ಸೀಮೆಗೆ ಇಂದು ವಿಶೇಷವಾಗಿ ಅನ್ವಯಿಸುತ್ತದೆ. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡುತ್ತಿದೆ. ಭದ್ರಾ ಮೇಲ್ದಂಡೆಯ ನೀರಿನ ಆಸೆಯೂ ಇದೆ. ತಲೆಮಾರುಗಳ ಬಾಯಾರಿಕೆ ತಣಿಯುವುದು ಪರಮ ಸಂತೋಷದ ಸಂಗತಿ. ಆದರೆ ಕೆರೆ ತುಂಬಿದ ಮಾತ್ರಕ್ಕೆ ಎಲ್ಲರೂ ಅಡಿಕೆ ಸಸಿ ನೆಟ್ಟು ಕೊಳವೆಬಾವಿ ಕೊರೆದರೆ ಆ ನೀರು ಎಷ್ಟು ವರ್ಷ, ಎಷ್ಟು ಮನೆಗಳಿಗೆ ಸಾಕಾದೀತು? ಇದನ್ನು ಲೆಕ್ಕಹಾಕಿ ಮುಂಚಿತವಾಗಿ ಹೇಳುವುದು ವಿದ್ಯಾವಂತರ ಹೊಣೆ. ತೋಟ ಒಣಗಿದ ಮೇಲೆ ಬರುವ ವರದಿಯಿಂದ ಯಾರ ಹಸಿವೂ ಹಿಂಗದು.

ಕಡೆಯದಾಗಿ, ಈ ಪತ್ರಿಕೆಯನ್ನು ಓದುವ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಇಂದು ಕೃಷಿ ಅಧಿಕಾರಿಗಳು, ಪ್ರಾಧ್ಯಾಪಕರು, ಬ್ಯಾಂಕಿನ ವ್ಯವಸ್ಥಾಪಕರು, ಬೀಜ ಗೊಬ್ಬರಗಳ ವ್ಯಾಪಾರಸ್ಥರು. ನೀವು ಓದಿದ ಕಾಲದಲ್ಲಿ ಮಠದ ಪ್ರಸಾದ ನಿಲಯದ ಒಲೆಯ ಮೇಲೆ ಬೆಂದದ್ದು ಭಕ್ತರು ತಮ್ಮ ಕಣದಿಂದ ಚೀಲ ಹೊತ್ತು ತಂದು ಒಪ್ಪಿಸಿದ ಜೋಳ ರಾಗಿಗಳು. ಬರದ ವರ್ಷದಲ್ಲಿಯೂ ಮೊದಲು ಮಠದ ಪಾಲನ್ನು ಅಳೆದು ಆಮೇಲೆ ತಮ್ಮ ಮಕ್ಕಳಿಗೆ ಬಡಿಸಿದ ಮನೆಗಳು ಅವರಲ್ಲಿದ್ದವು. ಆ ಚೀಲಕ್ಕೆ ಅವರು ರಸೀದಿ ಕೇಳಲಿಲ್ಲ, ಬಡ್ಡಿ ಕೇಳಲಿಲ್ಲ. ಇಂದು ಅದೇ ಮನೆಯ ಹಿರಿಯರೊಬ್ಬರು ನಿಮ್ಮ ಮೇಜಿನ ಮುಂದೆ ನಿಂತು, ಈ ಸಲ ಏನು ಬಿತ್ತೋಣ ಎಂದು ಕೇಳಿದಾಗ, ಉತ್ತರ ಕೊಡುವ ಮುನ್ನ ಒಂದು ಕ್ಷಣ ತಡೆಯಿರಿ. ಮಳೆ ಬಾರದಿದ್ದರೆ ಈ ಮನೆಯಲ್ಲಿ ಏನು ಉಳಿದೀತೆಂದು ಲೆಕ್ಕ ಹಾಕಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ಹೇಳಿದ ಮೇಲೆ ಸುಗ್ಗಿಯ ಹೊತ್ತಿಗೆ ಅವರ ಹೊಲಕ್ಕೆ ಹೋಗಿ, ಬೆಳೆ ನಿಂತಿದ್ದರೂ ಸರಿ, ಒಣಗಿದ್ದರೂ ಸರಿ, ಅವರ ಜೊತೆ ಬದುವಿನ ಮೇಲೆ ನಿಂತು ನೋಡಿ ಬನ್ನಿ.